ಎಂಟು ಮಿಲಿಮೀಟರಿನ ಲೆಕ್ಕ

ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಗುರಿಹಲಗೆ ಇರುವುದು 10 ಮೀಟರಿನಾಚೆ. ಅದರ ನಟ್ಟನಡುವೆ ಇರುವ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರು, ಪೆಲೆಟ್ಟಿನ ಅಗಲ 4.5 ಮಿಲಿಮೀಟರು. ಪೆಲೆಟ್ಟಿನ ಅಂಚು ವೃತ್ತದ ಗೆರೆಯನ್ನು ಸೋಕಿದರೂ ಅಂಕ ಸಿಗುತ್ತದೆ. ಹಾಗಾಗಿ ಪೆಲೆಟ್ಟಿನ ನಡುಬಿಂದು ಹಲಗೆಯ ನಡುಬಿಂದುವಿನಿಂದ 8 ಮಿಲಿಮೀಟರಿನೊಳಗೆ ಬಿದ್ದರೆ ಹತ್ತು, ಕೂದಲೆಳೆಯಷ್ಟು ಆಚೆ ಸರಿದರೆ ಒಂಬತ್ತು. ಇದನ್ನು 75 ನಿಮಿಷಗಳಲ್ಲಿ 60 ಸಲ ಮಾಡಬೇಕು. ಅದೂ ನಿಂತುಕೊಂಡು, ಒಂದೇ ಕೈಯಲ್ಲಿ, ಮಣಿಕಟ್ಟಿಗೆ ಯಾವ ಆಸರೆಯೂ ಇಲ್ಲದೆ. ಹವ್ಯಾಸಕ್ಕೆಂದು ಈ ಆಟಕ್ಕೆ ಬಂದವರು ಕೆಲವೇ ತಿಂಗಳಲ್ಲಿ ಒಂದು ಪ್ರಶ್ನೆಯ ಮುಂದೆ ಬಂದು ನಿಲ್ಲುತ್ತಾರೆ: ಹಲಗೆಯ ಮೇಲೆ ಕಾಣುತ್ತಿರುವ ಈ ಏಳು, ಈ ಎಂಟು ನನ್ನ ಕೈಯ ತಪ್ಪೋ, ಪಿಸ್ತೂಲಿನ ತಪ್ಪೋ? ಕೆಲವರು ಹೊಸ ಪಿಸ್ತೂಲಿಗೆ ಹಣ ಹೊಂದಿಸತೊಡಗುತ್ತಾರೆ. ಕೆಲವರು ದಿನಕ್ಕೆ ಇನ್ನೂರು ಪೆಲೆಟ್ ಹೊಡೆದರೆ ಎಲ್ಲ ಸರಿಹೋಗುತ್ತದೆಂದು ನಂಬುತ್ತಾರೆ. ನನ್ನ ಮಾತು ಈ ಎರಡಕ್ಕೂ ಹೊರಗಿನದು. ಪಿಸ್ತೂಲನ್ನು ಜೋಪಾನ ಮಾಡುವುದು ಗುರಿ ಹಿಡಿಯುವ ಕಲೆಯ ಹೊರಗಿನ ಚಾಕರಿಯಲ್ಲ, ಆ ಕಲೆಯದೇ ಒಂದು ಅಂಗ. ಪಿಸ್ತೂಲು ಬಹುಕಾಲ ಬಾಳಲಿ ಎಂಬುದು ಅದಕ್ಕೆ ಸಣ್ಣ ಕಾರಣ. ಶೂಟರ್ ತನ್ನ ತಪ್ಪನ್ನು ತನ್ನದೆಂದು ಖಚಿತವಾಗಿ ಓದಿಕೊಳ್ಳಲು ಬೇರೆ ದಾರಿಯೇ ಇಲ್ಲ ಎಂಬುದು ದೊಡ್ಡ ಕಾರಣ.

ಮೊದಲು ಕೈಯ ಲೆಕ್ಕ ನೋಡೋಣ. ಪಿಸ್ತೂಲಿನ ಹಿಂದೆ ಒಂದು ಕಚ್ಚು, ಮುಂದೆ ಒಂದು ಕಂಬ. ರಿಯರ್ ಸೈಟ್, ಫ್ರಂಟ್ ಸೈಟ್ ಎಂದು ಕರೆಯುವುದು ಇವನ್ನೇ. ಕಂಬವು ಕಚ್ಚಿನ ನಡುವೆ, ಎರಡೂ ಬದಿ ಸಮನಾದ ಬೆಳಕು ಬಿಟ್ಟು, ಮೇಲಂಚು ಒಂದೇ ಮಟ್ಟಕ್ಕೆ ಬರುವಂತೆ ನಿಲ್ಲಬೇಕು. ಇವೆರಡರ ನಡುವಿನ ದೂರ 33 ಸೆಂಟಿಮೀಟರು ಎಂದಿಟ್ಟುಕೊಳ್ಳಿ. ಹತ್ತು ಮೀಟರು ಅದರ ಮೂವತ್ತು ಪಟ್ಟು. ಇಡೀ ಕೈ ಒಂದು ಮಿಲಿಮೀಟರು ಬಲಕ್ಕೆ ಸರಿದರೂ ಕಂಬ ಮತ್ತು ಕಚ್ಚು ಹೊಂದಿಕೊಂಡೇ ಇದ್ದರೆ ಪೆಲೆಟ್ಟು ಹಲಗೆಯ ಮೇಲೂ ಒಂದೇ ಮಿಲಿಮೀಟರು ಸರಿಯುತ್ತದೆ, ಹತ್ತು ಹತ್ತಾಗಿಯೇ ಉಳಿಯುತ್ತದೆ. ಆದರೆ ಮಣಿಕಟ್ಟು ತುಸು ಮುರಿದು ಕಂಬವು ಕಚ್ಚಿನೊಳಗೆ ಅದೇ ಒಂದು ಮಿಲಿಮೀಟರು ಸರಿದರೆ ಹಲಗೆಯ ಮೇಲೆ ಪೆಲೆಟ್ಟು ಸರಿಯುವುದು 30 ಮಿಲಿಮೀಟರು. ಅಂಕ ನೇರವಾಗಿ ಏಳಕ್ಕೆ ಇಳಿಯುತ್ತದೆ. ಹತ್ತರೊಳಗೆ ಉಳಿಯಬೇಕಾದರೆ ಕಂಬ ಕಚ್ಚಿನೊಳಗೆ ಕಾಲು ಮಿಲಿಮೀಟರಿಗಿಂತ ಹೆಚ್ಚು ಅಲುಗುವಂತಿಲ್ಲ. ಹೊಸಬರು ಕರಿಯ ವೃತ್ತವನ್ನೇ ದಿಟ್ಟಿಸುತ್ತಾರೆ, ಏಕೆಂದರೆ ಅದೇ ಗುರಿ ಎಂದು ಮನಸ್ಸು ಹೇಳುತ್ತಿರುತ್ತದೆ. ಕಣ್ಣು ಏಕಕಾಲಕ್ಕೆ ಎರಡು ದೂರಗಳನ್ನು ಸ್ಪಷ್ಟವಾಗಿ ಕಾಣಲಾರದು. ಕರಿ ವೃತ್ತ ಸ್ಪಷ್ಟವಾದರೆ ಕಂಬ ಮಸುಕಾಗುತ್ತದೆ, ಮೂವತ್ತು ಪಟ್ಟು ದೊಡ್ಡದಾಗುವ ತಪ್ಪು ಆ ಮಸುಕಿನೊಳಗೆ ಅಡಗಿ ಕೂರುತ್ತದೆ. ಅದಕ್ಕೇ ತರಬೇತುದಾರರು ವೃತ್ತದ ಕೆಳಗೆ ತುಸು ಬಿಳಿ ಜಾಗ ಬಿಟ್ಟು ಗುರಿ ಹಿಡಿಯಿರಿ, ಕಣ್ಣನ್ನು ಮುಂದಿನ ಕಂಬದ ಮೇಲಂಚಿಗೆ ನೆಡಿ, ವೃತ್ತ ಮಸುಕಾಗಿಯೇ ಇರಲಿ ಎನ್ನುತ್ತಾರೆ. ಅದು ಹಿರಿಯರ ವಾಡಿಕೆ ಎಂದು ಒಪ್ಪಬೇಕಾದ ಮಾತಲ್ಲ, ಮೇಲಿನ ಗಣಿತವೇ ಒಪ್ಪಿಸುವ ಮಾತು.

ಕಣ್ಣು ಸರಿಹೋದ ಮೇಲೆ ಬೆರಳು. ಹತ್ತು ಮೀಟರಿನ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ತಡೆಯಬೇಕೆಂಬುದು ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮ. ಸಾಮಾನ್ಯವಾಗಿ ಈ ಎಳೆತ ಎರಡು ಹಂತದ್ದು. ಮೊದಲ ಹಂತದಲ್ಲಿ ತೂಕದ ದೊಡ್ಡ ಪಾಲನ್ನು ಬೆರಳು ಹೊತ್ತುಕೊಳ್ಳುತ್ತದೆ; ಅಲ್ಲೊಂದು ತಡೆ; ಆಮೇಲೆ ಉಳಿದ ಸ್ವಲ್ಪ ಭಾರವನ್ನು ನೇರ ಹಿಂದಕ್ಕೆ ಒತ್ತುತ್ತ ಹೋದರೆ ಹೊಡೆತ ತಾನಾಗಿ ಬಿಡುಗಡೆಯಾಗುತ್ತದೆ. ಈಗ ಹೊಡೆಯಬೇಕು ಎಂದು ಮನಸ್ಸು ಅಪ್ಪಣೆ ಕೊಟ್ಟು ಬೆರಳು ಥಟ್ಟನೆ ಎಳೆದರೆ ಇಡೀ ಹಸ್ತ ಅದರ ಜೊತೆ ಬಿಗಿಯುತ್ತದೆ, ಬಲಗೈಯವರ ಪೆಲೆಟ್ಟು ಬಹುಪಾಲು ಕೆಳ ಎಡಕ್ಕೆ ಹೋಗುತ್ತದೆ. ನಿಲುವಿನದೂ ಇಂಥದೇ ವಿಷಯ. ಕಾಲು ಊರಿ, ಕಣ್ಣು ಮುಚ್ಚಿ, ಕೈ ಎತ್ತಿ, ಆಮೇಲೆ ಕಣ್ಣು ತೆರೆದು ನೋಡಿದಾಗ ಪಿಸ್ತೂಲು ಎತ್ತ ತೋರುತ್ತಿದೆಯೋ ಅದು ದೇಹದ ಸಹಜ ದಿಕ್ಕು. ಅದು ಹಲಗೆಯ ಮೇಲಿಲ್ಲದಿದ್ದರೆ ಸರಿಸಬೇಕಾದ್ದು ಕಾಲನ್ನು. ಕೈಯನ್ನು ಬಲವಂತವಾಗಿ ಎಳೆದು ತಂದರೆ ಸ್ನಾಯು ಪ್ರತಿ ಹೊಡೆತಕ್ಕೂ ತನ್ನ ಜಾಗಕ್ಕೆ ಮರಳಲು ಹವಣಿಸುತ್ತಲೇ ಇರುತ್ತದೆ. ಗುರಿಯಲ್ಲಿ ನಿಂತ ಕೈ ಕೆಲವೇ ಸೆಕೆಂಡು ಸ್ಥಿರವಾಗಿರುತ್ತದೆ. ಆ ಹೊತ್ತು ಮೀರಿದರೆ ಹೊಡೆಯದೆ ಕೈ ಇಳಿಸಿ, ಉಸಿರಾಡಿ, ಮೊದಲಿಂದ ಶುರುಮಾಡಬೇಕು. ಹೀಗೆ ಕೈ ಇಳಿಸುವುದನ್ನು ಸೋಲೆಂದು ತಿಳಿಯುವವರೇ ಹೆಚ್ಚು. ಹವ್ಯಾಸಿಗಳು ಕಲಿಯಲು ಅತಿ ಹೆಚ್ಚು ಕಾಲ ತೆಗೆದುಕೊಳ್ಳುವ ಪಾಠ ಇದೇ ಎಂದು ನನಗನ್ನಿಸುತ್ತದೆ. ಹೊಡೆದ ಮೇಲೂ ಕಣ್ಣು ಕಂಬದ ಮೇಲೇ ಒಂದೆರಡು ಕ್ಷಣ ನಿಲ್ಲಬೇಕು. ಸೆಕೆಂಡಿಗೆ 150 ಮೀಟರಿನ ಆಸುಪಾಸಿನ ವೇಗದ ಪೆಲೆಟ್ಟು ನಳಿಗೆಯಿಂದ ಹೊರಬೀಳಲೂ ತುಸು ಹೊತ್ತು ಬೇಕು; ಅಷ್ಟರೊಳಗೆ ಕೈ ಸಡಿಲಬಾರದು.

ಈಗ ವಾದದ ಗಂಟಿಗೆ ಬರುತ್ತೇನೆ. ಬೆರಳಿನ ತಪ್ಪಿನಿಂದ ಪೆಲೆಟ್ಟು ಕೆಳ ಎಡಕ್ಕೆ ಹೋಗುತ್ತದೆ. ರಿಯರ್ ಸೈಟಿನ ತಿರುಪು ಸಡಿಲವಾಗಿದ್ದರೂ ಪೆಲೆಟ್ಟು ಕೆಳ ಎಡಕ್ಕೆ ಹೋಗಬಹುದು. ಉಸಿರಿನ ಲಯ ತಪ್ಪಿದರೆ ಹೊಡೆತಗಳು ಮೇಲೆ ಕೆಳಗೆ ಚದುರುತ್ತವೆ. ಪಿಸ್ತೂಲಿನ ಸಿಲಿಂಡರಿನಲ್ಲಿರುವ ಗಾಳಿಯ ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರು ಸೊರಗಿದ್ದರೂ ಹಾಗೆಯೇ ಚದುರುತ್ತವೆ. ಎಷ್ಟು ಎಂದು ಲೆಕ್ಕ ಹಾಕಬಹುದು. ಸೆಕೆಂಡಿಗೆ 150 ಮೀಟರು ವೇಗದಲ್ಲಿ ಪೆಲೆಟ್ಟು ಹತ್ತು ಮೀಟರು ಹೋಗುವಷ್ಟರಲ್ಲಿ ನೆಲದ ಸೆಳೆತಕ್ಕೆ ಸುಮಾರು 22 ಮಿಲಿಮೀಟರು ಕೆಳಗಿಳಿಯುತ್ತದೆ. ವೇಗ 140ಕ್ಕೆ ಕುಸಿದರೆ 25 ಮಿಲಿಮೀಟರು. ವ್ಯತ್ಯಾಸ ಮೂರು ಮಿಲಿಮೀಟರು ಚಿಲ್ಲರೆ. ಇರುವ ಎಂಟರಲ್ಲಿ ಮೂರನ್ನು ಪಿಸ್ತೂಲೇ ತಿಂದುಹಾಕಿದರೆ ಶೂಟರ್‌ಗೆ ಉಳಿಯುವುದು ಐದು. ಹಲಗೆಯ ಮೇಲಿನ ತೂತು ತಾನು ಯಾವ ಕಾರಣಕ್ಕೆ ಅಲ್ಲಿಗೆ ಬಂದೆನೆಂದು ಹೇಳುವುದಿಲ್ಲ. ಪಿಸ್ತೂಲಿನ ಮೇಲೆ ಭರವಸೆಯಿದ್ದರೆ ಮಾತ್ರ ಅದು ಶೂಟರ್‌ನ ಬಗ್ಗೆ ಸಾಕ್ಷಿ ನುಡಿಯುತ್ತದೆ. ಶ್ರುತಿ ನಿಲ್ಲದ ತಂಬೂರಿಯ ಮುಂದೆ ಸಾಧನೆ ಮಾಡುವ ಗಾಯಕಿಗೆ ತನ್ನ ಕಂಠ ಎಲ್ಲಿ ಜಾರಿತೆಂದು ಗೊತ್ತಾಗದು, ಇಲ್ಲಿಯೂ ಹಾಗೆಯೇ. ಇನ್ನೂ ಕೆಟ್ಟದ್ದೊಂದಿದೆ. ಪಿಸ್ತೂಲಿನ ದೋಷವನ್ನು ತನ್ನದೆಂದು ತಿಳಿದು ಸರಿಯಾಗಿದ್ದ ಬೆರಳನ್ನೇ ತಿದ್ದಲು ಹೊರಟವರು ತಿಂಗಳುಗಟ್ಟಲೆ ತಪ್ಪು ಅಭ್ಯಾಸವನ್ನು ಮೈಗೂಡಿಸಿಕೊಳ್ಳುತ್ತಾರೆ. ಆಮೇಲೆ ಪಿಸ್ತೂಲು ದುರಸ್ತಿಯಾದರೂ ಮೈ ದುರಸ್ತಿಯಾಗಲು ಬಹಳ ಕಾಲ ಬೇಕಾಗುತ್ತದೆ.

ಈ ಮಾತು ಎಲ್ಲ ಊರಿಗೂ ಸಲ್ಲುತ್ತದಾದರೂ ದಿಂಡಿಗಲ್, ಪಳನಿ, ತೇನಿ, ಕಂಬಂ ಕಣಿವೆಯ ಸೀಮೆಗೆ ಇನ್ನಷ್ಟು ಬಿಗಿಯಾಗಿ ಸಲ್ಲುತ್ತದೆ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಕಪ್ಪಿಲಿಯರು, ಅನುಪ್ಪರು ತಲೆಮಾರುಗಳಿಂದ ನೆಲೆಸಿರುವ ಸೀಮೆಯಿದು. ಒಂದು ಕಡೆ ಪಳನಿ ಬೆಟ್ಟಗಳು, ಇನ್ನೊಂದು ಕಡೆ ಏಲಕ್ಕಿ ಬೆಟ್ಟಗಳು, ನಡುವೆ ಪೆರಿಯಾರಿನ ನೀರುಂಡ ಗದ್ದೆ, ದ್ರಾಕ್ಷಿ ತೋಟ. ದಿಂಡಿಗಲ್ ಬಯಲಿನ ಬೇಸಿಗೆ ಸುಡುತ್ತದೆ. ಆಡಿ ಮಾಸದ ಗಾಳಿ ತೇನಿಯ ಗಾಳಿಯಂತ್ರಗಳನ್ನು ತಿರುಗಿಸುವುದರ ಜೊತೆಗೆ ಧೂಳನ್ನೂ ಎಬ್ಬಿಸುತ್ತದೆ. ಐಪ್ಪಸಿ, ಕಾರ್ತಿಕದ ಹಿಂಗಾರು ಬಂತೆಂದರೆ ಗೋಡೆಯೂ ಬೆವರುತ್ತದೆ. ಈ ಮೂರೂ ಪಿಸ್ತೂಲಿಗೆ ಆಗದವು. ತೇವದಿಂದಲೇ ಶುರುಮಾಡೋಣ. 27 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಪೂರ್ತಿ ತೇವಗೊಂಡ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 25 ಗ್ರಾಂ ನೀರಿನ ಆವಿ ಇರುತ್ತದೆ. ನೂರು ಮಿಲಿಲೀಟರಿನ ಸಿಲಿಂಡರಿಗೆ ಕೈಪಂಪಿನಲ್ಲಿ 200 ಬಾರ್ ಒತ್ತಡದ ತನಕ ಗಾಳಿ ತುಂಬಿದರೆ ಅದರೊಳಕ್ಕೆ ಹೋಗುವುದು ಹೊರಗಿನ ಇಪ್ಪತ್ತು ಲೀಟರಿನಷ್ಟು ಗಾಳಿ. ಅದರೊಡನೆ ಬರುವ ನೀರು ಅರ್ಧ ಗ್ರಾಂ. ಕೇಳಲು ಸಣ್ಣದು. ಮಳೆಗಾಲದುದ್ದಕ್ಕೂ ಹೀಗೆ ತುಂಬುತ್ತ ಹೋದರೆ, ಪಂಪಿನಲ್ಲಿ ನೀರು ಹಿಡಿಯುವ ಫಿಲ್ಟರು ಇಲ್ಲದಿದ್ದರೆ ಅಥವಾ ಇದ್ದೂ ಬದಲಿಸದಿದ್ದರೆ, ಆ ನೀರು ಸಿಲಿಂಡರಿನ ಒಳಮೈಯನ್ನೂ ರೆಗ್ಯುಲೇಟರನ್ನೂ ಕವಾಟವನ್ನೂ ಒಳಗಿನಿಂದಲೇ ತಿನ್ನುತ್ತದೆ. ಮುಳುಗುಗಾರರ ದೊಡ್ಡ ಸಿಲಿಂಡರಿನಿಂದ ಒಣಗಿಸಿ ಸೋಸಿದ ಗಾಳಿ ತುಂಬಿಕೊಳ್ಳುವುದು ಮೇಲು. ಸಿಕ್ಕಿತೆಂದು ಆಮ್ಲಜನಕದ ಸಿಲಿಂಡರಿನಿಂದ ಮಾತ್ರ ಎಂದಿಗೂ ತುಂಬಬಾರದು. ಅಷ್ಟು ಒತ್ತಡದ ಆಮ್ಲಜನಕಕ್ಕೆ ಒಂದು ಹನಿ ಎಣ್ಣೆ ಸಿಕ್ಕರೂ ಸ್ಫೋಟವಾದೀತು. ಬಿಸಿಲಿನ ವಿಷಯವೂ ಹಗುರವಲ್ಲ. 27 ಡಿಗ್ರಿಯಲ್ಲಿ 200 ಬಾರ್ ಇದ್ದ ಸಿಲಿಂಡರು ಮುಚ್ಚಿದ ಕಾರಿನಲ್ಲಿ 60 ಡಿಗ್ರಿ ಮುಟ್ಟಿದರೆ ಒಳಗಿನ ಒತ್ತಡ 222 ಬಾರ್‌ಗೆ ಏರುತ್ತದೆ. ದಿಂಡಿಗಲ್ಲಿನ ಚಿತ್ತಿರೆ ಬಿಸಿಲಿಗೆ ನಿಲ್ಲಿಸಿದ ಕಾರು ಆ ಬಿಸಿ ಮುಟ್ಟುವುದು ಕಷ್ಟವಲ್ಲ. ಪೆಲೆಟ್ಟುಗಳು ಸೀಸದವು, ತೇವ ತಾಗಿದ ಡಬ್ಬಿಯಲ್ಲಿ ಅವುಗಳ ಮೇಲೆ ಬಿಳಿ ಪುಡಿ ಕೂರುತ್ತದೆ. ಪುಡಿ ಹಿಡಿದ ಪೆಲೆಟ್ಟು ನಳಿಗೆಯಲ್ಲಿ ಒಂದೇ ಹದಕ್ಕೆ ಜಾರುವುದಿಲ್ಲ.

ದಿಂಡಿಗಲ್ಲಿಗೆ ಈ ವಿಷಯದಲ್ಲಿ ಒಂದು ಹಳೆಯ ನಂಟಿದೆ. 1755ರಲ್ಲಿ ಮೈಸೂರಿನ ಫೌಜುದಾರನಾಗಿ ಇಲ್ಲಿಗೆ ಬಂದ ಹೈದರಾಲಿ ಫ್ರೆಂಚ್ ಕುಶಲಿಗರ ನೆರವಿನಿಂದ ಫಿರಂಗಿದಳ ಕಟ್ಟಿದ್ದನ್ನು, ಆಯುಧಾಗಾರ ಸ್ಥಾಪಿಸಿದ್ದನ್ನು ಇತಿಹಾಸ ದಾಖಲಿಸಿದೆ. ಆಮೇಲಿನ ಅವನ ಏಳಿಗೆಗೆ ಅಡಿಪಾಯ ಬಿದ್ದದ್ದು ಇಲ್ಲೇ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ದಿಂಡಿಗಲ್ ಮೈಸೂರಿನ ಕೈತಪ್ಪಿ ಇಂಗ್ಲಿಷರ ಪಾಲಾಯಿತು. ಯುದ್ಧದ ಫಿರಂಗಿಗೂ ಕ್ರೀಡೆಯ ಪಿಸ್ತೂಲಿಗೂ ಸಂಬಂಧ ಕಲ್ಪಿಸುವುದು ನನ್ನ ಉದ್ದೇಶವಲ್ಲ. ನನ್ನ ಗಮನ ಸೆಳೆಯುವುದು ಇಷ್ಟು: ಹೈದರನಿಗೆ ಆಯುಧಗಳನ್ನು ಕೊಂಡು ರಾಶಿ ಹಾಕುವುದು ಸಾಲದಾಯಿತು, ಅವನ್ನು ಸುಸ್ಥಿತಿಯಲ್ಲಿಡಬಲ್ಲ ಕಸುಬುದಾರರೂ ಅವರಿಗೊಂದು ಕಾರ್ಖಾನೆಯೂ ಬೇಕೆನಿಸಿತು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯನ್ನು ಒರೆಸಿ, ತೋಕ್ ಪೂ ಎಂಬ ಹೂವಿನಿಂದ ಅಲಂಕರಿಸಿ, ದೇವರ ಮುಂದಿಟ್ಟು ಪೂಜಿಸಿ, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ಅದೇ ಹೂವನ್ನು ಒಟ್ಟನ್‌ಛತ್ರದ ಕಡೆಯ ರೈತರು ಔಷಧಿಯ ಬೀಜಕ್ಕಾಗಿ ಹೊಲದಲ್ಲಿ ಬೆಳೆಯುತ್ತಾರೆ, ತಮಿಳುನಾಡಿಗೆ ಅದು ರಾಜ್ಯದ ಹೂವು. ಆಯುಧವನ್ನು ಗೌರವದಿಂದ ಕಾಣುವ ಈ ಸಂಪ್ರದಾಯವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ವರ್ಷಕ್ಕೊಮ್ಮೆ ಆಯುಧಪೂಜೆಯಂದು ಒರೆಸಿ ಕುಂಕುಮ ಹಚ್ಚುವ ಗೌರವ ಸ್ಪರ್ಧೆಯ ಪಿಸ್ತೂಲಿಗೆ ಸಾಲದು. ಅದು ಕೇಳುವುದು ಪ್ರತಿ ಅಭ್ಯಾಸದ ಬಳಿಕ ಹತ್ತು ನಿಮಿಷ.

ಇಲ್ಲೊಂದು ಬಲವಾದ ಆಕ್ಷೇಪಕ್ಕೆ ಉತ್ತರ ಕೊಡಬೇಕು. 2021ರ ಜುಲೈ 25ರಂದು ಟೋಕಿಯೊ ಒಲಿಂಪಿಕ್ಸ್ ಅರ್ಹತಾ ಸುತ್ತಿನ ನಡುವೆ ಭಾರತದ ಶೂಟರ್ ಮನು ಭಾಕರ್ ಅವರ ಪಿಸ್ತೂಲು ಕೈಕೊಟ್ಟಿತು. ಅದನ್ನು ಸರಿಪಡಿಸಿಕೊಂಡು ಮರಳುವಷ್ಟರಲ್ಲಿ ಬೆಲೆಬಾಳುವ ಹೊತ್ತು ಕಳೆದಿತ್ತು. ಉಳಿದ ಹೊಡೆತಗಳನ್ನು ಅವಸರದಲ್ಲಿ ಮುಗಿಸಿ 575 ಅಂಕ ಗಳಿಸಿ ಹನ್ನೆರಡನೆಯವರಾದರು. ಫೈನಲ್‌ನ ಎಂಟನೆಯ ಸ್ಥಾನ ಎರಡೇ ಅಂಕದಷ್ಟು ದೂರದಲ್ಲಿತ್ತು. ಒಲಿಂಪಿಕ್ಸ್ ಮಟ್ಟದ ಶೂಟರ್, ಅತ್ಯುತ್ತಮ ಪಿಸ್ತೂಲು, ಜೊತೆಗೆ ತರಬೇತುದಾರರು, ಇಷ್ಟಿದ್ದೂ ಯಂತ್ರ ಕೆಡುವುದಾದರೆ ಹವ್ಯಾಸಿಯ ಹತ್ತು ನಿಮಿಷದ ಜೋಪಾನ ಏನು ಮಾಡೀತು ಎಂಬುದು ಆಕ್ಷೇಪ. ಯಂತ್ರ ಕೆಡುವುದನ್ನು ಯಾರ ಜೋಪಾನವೂ ಪೂರ್ತಿ ತಡೆಯಲಾರದು, ಒಪ್ಪಿದೆ. ಆದರೆ ಜೋಪಾನದಿಂದ ಸಿಗುವುದು ಕೆಡದಿರುವ ಖಾತ್ರಿಯೆಂದು ನಾನು ಹೇಳುತ್ತಲೇ ಇಲ್ಲ. ಅದರಿಂದ ಸಿಗುವುದು ಕೆಟ್ಟದ್ದೇನೆಂದು ಬೇಗ ಗುರುತಿಸುವ ತಿಳಿವಳಿಕೆ. ಟೋಕಿಯೊದಲ್ಲಿ ತೊಂದರೆ ಯಂತ್ರದ್ದೆಂಬುದು ಎಲ್ಲರಿಗೂ ಕಾಣುವಂತಿತ್ತು, ಪಿಸ್ತೂಲೇ ಹೊಡೆಯಲಿಲ್ಲ. ಹವ್ಯಾಸಿಯನ್ನು ಕಾಡುವ ದೋಷಗಳು ಇಷ್ಟು ಬಹಿರಂಗವಾಗಿ ಬರುವುದಿಲ್ಲ. ಪಿಸ್ತೂಲು ಹೊಡೆಯುತ್ತಲೇ ಇರುತ್ತದೆ, ಅಂಕ ಮಾತ್ರ ಸೋರುತ್ತಿರುತ್ತದೆ. ಮುಂದಿನದನ್ನೂ ನೋಡಬೇಕು. 2024ರ ಜುಲೈ 28ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು 221.7 ಅಂಕಗಳೊಡನೆ ಕಂಚು ಗೆದ್ದರು. ಬೆಳ್ಳಿಯ ದಾರಿಯಲ್ಲಿದ್ದ ಕೊರಿಯದ ಕಿಮ್ ಯೆ-ಜಿ ಅವರಿಗಿಂತ ಆ ಹೊತ್ತಿಗೆ ಹಿಂದಿದ್ದದ್ದು 0.1 ಅಂಕ. ಫೈನಲ್‌ನಲ್ಲಿ ಅಂಕವನ್ನು ದಶಮಾಂಶದಲ್ಲಿ ಎಣಿಸುತ್ತಾರೆ. 0.1 ಅಂಕವೆಂದರೆ ಹಲಗೆಯ ಮೇಲೆ 0.8 ಮಿಲಿಮೀಟರು. ಆ ಎತ್ತರದ ಆಟದಲ್ಲಿ ಇಡೀ ಪಂದ್ಯ ಇಷ್ಟು ತೆಳುವಾದ ಅಂಚಿನ ಮೇಲೆ ತೀರ್ಮಾನವಾಗುತ್ತದೆಂದರೆ, ಸೊರಗಿದ ರೆಗ್ಯುಲೇಟರು ನುಂಗುವ ಮೂರು ಮಿಲಿಮೀಟರನ್ನು ಜಿಲ್ಲಾ ಮಟ್ಟದ ಆಟಗಾರರಾದರೂ ಏಕೆ ಬಿಟ್ಟುಕೊಡಬೇಕು?

ಎರಡನೆಯ ಆಕ್ಷೇಪ ಹಣದ್ದು. ಒಳ್ಳೆಯ ಪಿಸ್ತೂಲುಗಳೆಲ್ಲ ಹೊರದೇಶದಿಂದ ಬರುವಂಥವು, ಬೆಲೆ ಲಕ್ಷಗಳಲ್ಲಿ. ಅಗ್ಗದ ಪಿಸ್ತೂಲನ್ನು ಎಷ್ಟು ಜೋಪಾನ ಮಾಡಿದರೂ ಅದು ದುಬಾರಿ ಪಿಸ್ತೂಲಾಗುವುದಿಲ್ಲ ಎನ್ನುತ್ತಾರೆ. ಇದರಲ್ಲಿ ಅರ್ಧ ನಿಜವಿದೆ. ಸ್ಪ್ರಿಂಗಿನ ಬಲದಿಂದ ಹೊಡೆಯುವ ಆರಂಭಿಕರ ಪಿಸ್ತೂಲಿನಲ್ಲಿ ಒಳಗಿನ ಭಾರ ಮುಂದಕ್ಕೆ ಧಾವಿಸುವಾಗಲೇ ಕೈ ಅದುರುತ್ತದೆ, ಟ್ರಿಗರ್ ಒರಟಾಗಿರುತ್ತದೆ. ಆ ಮಿತಿಯನ್ನು ಎಣ್ಣೆಬಟ್ಟೆಯಿಂದ ದಾಟಲಾಗದು. ಆದರೆ ಉಳಿದ ಅರ್ಧವನ್ನು ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರ ಆಟ ಹೇಳುತ್ತದೆ. ಸಾಫ್ಟ್‌ವೇರ್ ಎಂಜಿನಿಯರಾಗಿದ್ದು ಪಿಸ್ತೂಲಿಗೆ ಮರಳಿದವರು ಅವರು. 2013ರಲ್ಲಿ ಕೊರಿಯದ ಚಾಂಗ್ವೊನ್ ವಿಶ್ವಕಪ್‌ನಲ್ಲಿ ಹತ್ತು ಮೀಟರಿನ ಕಂಚು ಗೆದ್ದರು. ಅದೇ ವರ್ಷ ಸ್ಪೇನಿನ ಗ್ರನಾಡದಲ್ಲಿ ಸ್ಪರ್ಧೆಗೆಂದು ಹೋದಾಗ ಬೆಲ್ಸ್ ಪಾಲ್ಸಿ ತಗುಲಿ ಮುಖದ ಒಂದು ಬದಿ ಸ್ವಾಧೀನ ತಪ್ಪಿತು. ಮರುವರ್ಷ ಗ್ಲ್ಯಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ತಂದರು. ಆ ನಡುವಿನ ತಿಂಗಳುಗಳಲ್ಲಿ ಮರಳಿ ಪಡೆಯಬೇಕಾಗಿದ್ದದ್ದು ತನ್ನ ಮುಖದ, ಕಣ್ಣಿನ ಹಿಡಿತವನ್ನು. ಯಾವ ಅಂಗಡಿಯಲ್ಲೂ ಅದು ಮಾರಾಟಕ್ಕಿರಲಿಲ್ಲ. ಹಣ ಒಂದು ಮಟ್ಟದ ತನಕ ಅಂಕ ಕೊಳ್ಳುತ್ತದೆ. ಅಲ್ಲಿಂದ ಮುಂದೆ, ತನ್ನ ದೇಹ ಮತ್ತು ತನ್ನ ಉಪಕರಣ ಎರಡನ್ನೂ ಬಲ್ಲವರಿಗೆ ಮಾತ್ರ ದಾರಿ. ಇದ್ದ ಪಿಸ್ತೂಲಿನ ಮಿತಿ ಎಲ್ಲಿದೆಯೆಂದು ಅರಿಯದವರಿಗೆ ಹೊಸದರ ಅಗತ್ಯ ಬಂದಿದೆಯೇ ಎಂಬುದೂ ತಿಳಿಯುವುದಿಲ್ಲ. ನಮ್ಮ ಕಾನೂನು ಈ ವಿಷಯದಲ್ಲಿ ಹವ್ಯಾಸಿಗೆ ಉದಾರವಾಗಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರಿನ, 20 ಜೂಲ್ ಶಕ್ತಿ ಮೀರದ ಗಾಳಿ ಪಿಸ್ತೂಲಿಗೆ ಲೈಸೆನ್ಸು ಬೇಡ. ಸ್ಪರ್ಧೆಯ ಪಿಸ್ತೂಲಿನ ಶಕ್ತಿ ಅದರ ಮೂರನೆಯ ಒಂದು ಪಾಲನ್ನೂ ಮುಟ್ಟುವುದಿಲ್ಲ. ಲೈಸೆನ್ಸು ಬೇಡವೆಂದ ಮಾತ್ರಕ್ಕೆ ಎಚ್ಚರವೂ ಬೇಡವೆಂದಲ್ಲ. ಅರ್ಧ ಗ್ರಾಮಿನ ಆ ಪೆಲೆಟ್ಟು ಒಂದು ಕಣ್ಣನ್ನು ಶಾಶ್ವತವಾಗಿ ಕಳೆಯಬಲ್ಲದು. ನಳಿಗೆ ಖಾಲಿಯೆಂದು ತೋರಿಸುವ ಬಣ್ಣದ ದಾರ, ಸದಾ ಹಲಗೆಯತ್ತಲೇ ತಿರುಗಿದ ನಳಿಗೆ, ಮನೆಯಲ್ಲಿ ಬೀಗ ಹಾಕಿದ ಪೆಟ್ಟಿಗೆ, ಇವುಗಳಲ್ಲಿ ಒಂದನ್ನೂ ಸಡಿಲಿಸಬಾರದು. ಬೀಗಕ್ಕಾಗಿ ದಿಂಡಿಗಲ್ಲಿನವರು ದೂರ ಹೋಗಬೇಕಾಗಿಯೂ ಇಲ್ಲ. ಕೈಯಿಂದ ಮಾಡುವ ಅವರ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದೆ.

ಮೂರನೆಯ ಆಕ್ಷೇಪವೇ ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುತ್ತದೆ. ಜೋಪಾನದ ಹೆಸರಿನಲ್ಲಿ ಪಿಸ್ತೂಲನ್ನು ದಿನಾ ಬಿಚ್ಚಿ ಜೋಡಿಸುವವರಿದ್ದಾರೆ. ಇಂದು ಟ್ರಿಗರಿನ ತಿರುಪು ಕಾಲು ಸುತ್ತು, ನಾಳೆ ರಿಯರ್ ಸೈಟು ಎರಡು ಕ್ಲಿಕ್ಕು, ನಾಡಿದ್ದು ಮರದ ಹಿಡಿಗೆ ಹೊಸ ಮೇಣ. ಇಂಥವರ ಪಿಸ್ತೂಲು ಕೊಳೆಯಾದ ಪಿಸ್ತೂಲಿನಷ್ಟೇ ನಂಬಲಾಗದ್ದು, ಏಕೆಂದರೆ ನಿನ್ನೆಯ ಪಿಸ್ತೂಲು ಇಂದು ಅದೇ ಪಿಸ್ತೂಲಾಗಿ ಉಳಿದಿಲ್ಲ. ಅತಿಯಾದ ಶುಚಿಯಿಂದಲೂ ಕೇಡಿದೆ. ನಳಿಗೆಯನ್ನು ಪೂರ್ತಿ ತೊಳೆದ ಮೇಲೆ ಒಂದಷ್ಟು ಪೆಲೆಟ್ಟು ಹೋಗಿ ಸೀಸದ ತೆಳು ಲೇಪ ಕೂರುವ ತನಕ ಹೊಡೆತಗಳು ಒಂದು ಕಡೆ ನಿಲ್ಲುವುದಿಲ್ಲ. ಉಕ್ಕಿನ ಕಡ್ಡಿ ತೂರಿಸಿದರೆ ನಳಿಗೆಯ ಬಾಯಿಯ ಅಂಚು ಗೀರುತ್ತದೆ, ಆ ಗೀರನ್ನು ತೆಗೆಯುವುದು ಸುಲಭವಲ್ಲ. ಹಾಗಾಗಿ ನಾನು ವಾದಿಸುವ ಜೋಪಾನ ಮಿತವಾದದ್ದು. ಅಭ್ಯಾಸ ಮುಗಿದ ಮೇಲೆ ಪಿಸ್ತೂಲು ಖಾಲಿಯೆಂದು ಕಣ್ಣಾರೆ ನೋಡಿ, ಕೈಬೆವರು ತಾಗಿದ ಲೋಹದ ಭಾಗಗಳನ್ನು ಒಣಬಟ್ಟೆಯಿಂದ ಒರೆಸುವುದು. ಬೆವರಿನ ಉಪ್ಪು ಈ ಸೀಮೆಯಲ್ಲಿ ಒಂದು ರಾತ್ರಿಯಲ್ಲೇ ತುಕ್ಕಿಗೆ ದಾರಿಮಾಡುತ್ತದೆ. ಆಗಾಗ ಫೆಲ್ಟ್ ಬಟ್ಟೆಯ ಶುಚಿಗುಳಿಗೆಯನ್ನು ಪೆಲೆಟ್ಟು ಹಾಕುವ ಬದಿಯಿಂದಲೇ ನಳಿಗೆಯಲ್ಲಿ ದಾಟಿಸುವುದು. ಗಾಳಿ ತುಂಬುವ ಮೊದಲು ಸಿಲಿಂಡರಿನ ಬಾಯಿಯ ಧೂಳು ತೆಗೆಯುವುದು, ಏಕೆಂದರೆ ಒಂದು ಮರಳಿನ ಕಣ ಸಾಕು ರಬ್ಬರು ಉಂಗುರ ಸೀಳಲು. ಗಾಳಿ ತಾಗುವ ಜಾಗಗಳಿಗೆ ತಯಾರಕರು ಹೇಳಿದ ಗ್ರೀಸಿನ ಹೊರತು ಮನೆಯಲ್ಲಿರುವ ಯಂತ್ರದೆಣ್ಣೆ ಬಿಡದಿರುವುದು. ಸೈಟಿನ ತಿರುಪುಗಳು ಬಿಗಿಯಾಗಿವೆಯೇ ಎಂದು ಮುಟ್ಟಿ ನೋಡುವುದು. ಟ್ರಿಗರಿನ ಒಳಭಾಗ, ರೆಗ್ಯುಲೇಟರು, ಕವಾಟ ಇವುಗಳಿಗೆ ಕೈ ಹಾಕದಿರುವುದು. ಅವು ಬಲ್ಲ ಮಿಸ್ತ್ರಿಯ ಕೆಲಸ. ಸ್ಪರ್ಧೆಯ ಹಿಂದಿನ ವಾರ ಏನನ್ನೂ ಬದಲಿಸಬಾರದು, ಪೆಲೆಟ್ಟಿನ ಡಬ್ಬಿಯ ಬ್ರಾಂಡನ್ನೂ. ಕೊನೆಗೆ ಕೈಯನ್ನು ಸಾಬೂನು ಹಾಕಿ ತೊಳೆಯದೆ ಊಟಕ್ಕೆ ಕೂರಬಾರದು. ಸೀಸ ಮೈಯೊಳಗೆ ಸೇರುವ ವಿಷ, ಮಕ್ಕಳಿಗೆ ಇನ್ನೂ ಹೆಚ್ಚು ಅಪಾಯ.

ಇದೇ ಮಿತವಾದ ಜೋಪಾನ ಬೆರಳನ್ನೂ ತಿದ್ದುತ್ತದೆ ಎಂಬುದು ಹೊರಗಿನಿಂದ ನೋಡುವವರಿಗೆ ತೋರುವುದಿಲ್ಲ. ಸ್ಪರ್ಧೆಯ ಪಿಸ್ತೂಲುಗಳಲ್ಲಿ ಪೆಲೆಟ್ಟೂ ಗಾಳಿಯೂ ಇಲ್ಲದೆ ಟ್ರಿಗರ್ ಎಳೆಯುವ ಏರ್ಪಾಡಿದೆ. ಅದಕ್ಕೆ ಡ್ರೈ ಫೈರ್ ಎನ್ನುತ್ತಾರೆ. ಮನೆಯ ಬಿಳಿ ಗೋಡೆಯ ಮುಂದೆ, ಯಾವ ಗುರಿಯೂ ಇಲ್ಲದೆ, ಕಂಬ ಮತ್ತು ಕಚ್ಚನ್ನು ಮಾತ್ರ ನೋಡುತ್ತ ಟ್ರಿಗರ್ ಒತ್ತಿದರೆ ಬಿಡುಗಡೆಯ ಕ್ಷಣದಲ್ಲಿ ಕಂಬ ಅಲುಗಿತೇ ಎಂಬುದು ನಿಚ್ಚಳವಾಗಿ ಕಾಣುತ್ತದೆ. ಖರ್ಚಿಲ್ಲ, ಸದ್ದಿಲ್ಲ, ರೇಂಜಿಗೆ ಮೈಲುಗಟ್ಟಲೆ ಹೋಗುವ ಅಗತ್ಯವಿಲ್ಲ. ಬೋಡಿಯಲ್ಲೋ ಉತ್ತಮಪಾಳ್ಯದಲ್ಲೋ ಇರುವ ಶೂಟರ್‌ಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇನ್ನೊಂದಿಲ್ಲ. ಆದರೆ ಇದು ಕೂಡ ಟ್ರಿಗರ್ ದಿನದಿನಕ್ಕೂ ಒಂದೇ ತೂಕಕ್ಕೆ ಬಿಡುವಂತಿದ್ದರೆ ಮಾತ್ರ ಫಲ ಕೊಡುತ್ತದೆ. ಬೆರಳು ಕಲಿಯುವುದು ಒಂದು ತೂಕವನ್ನು. ಆ ತೂಕ ವಾರದಿಂದ ವಾರಕ್ಕೆ ಜಾರಿದರೆ ಕಲಿತದ್ದೂ ಜಾರುತ್ತದೆ. ಸ್ಪರ್ಧೆಯ ನಿಯಮವೂ ಇದನ್ನೇ ಪರೀಕ್ಷಿಸುತ್ತದೆ. ಪಿಸ್ತೂಲನ್ನು ನೇರ ಮೇಲಕ್ಕೆ ಹಿಡಿದು ಟ್ರಿಗರಿಗೆ 500 ಗ್ರಾಮಿನ ತೂಕ ನೇತುಹಾಕಿ ಎತ್ತಿಸುತ್ತಾರೆ, ಪಂದ್ಯದ ಬಳಿಕವೂ ಕೆಲವರನ್ನು ಆರಿಸಿ ಮತ್ತೆ ಪರೀಕ್ಷಿಸುತ್ತಾರೆ. ಆಗ ಟ್ರಿಗರ್ ಸೋತರೆ ಇಡೀ ಪಂದ್ಯದ ಅಂಕ ಹೋಗುತ್ತದೆ. 500ಕ್ಕೆ ತಾಗಿಸಿ ಇಟ್ಟವರಿಗಿಂತ ಹತ್ತಿಪ್ಪತ್ತು ಗ್ರಾಂ ಮೇಲೆ ಇಟ್ಟವರು ನಿಶ್ಚಿಂತರು. ಸಿಲಿಂಡರಿನ ಮೇಲೆ ಅಚ್ಚಾದ ಬಳಕೆಯ ಅವಧಿ ಮೀರಿಲ್ಲವೆಂದು ನೋಡಿಕೊಳ್ಳುವ ಹೊಣೆಯನ್ನೂ ನಿಯಮ ಶೂಟರ್ ಮೇಲೆಯೇ ಹಾಕುತ್ತದೆ. ಅದನ್ನು ಬರಿಯ ಕಾಗದದ ತಕರಾರು ಎಂದುಕೊಳ್ಳಬಾರದು. ಇನ್ನೂರು ಬಾರಿನ ಗಾಳಿ ಹೊತ್ತ ಲೋಹ ಮುಖದ ಹತ್ತಿರ ಇರುವ ಆಟ ಇದು.

ಇನ್ನುಳಿದದ್ದು ಒಂದೇ ಪಿಸ್ತೂಲನ್ನು ಹಲವರು ಹಂಚಿಕೊಂಡು ಕಲಿಯುವ ಕಡೆಯ ಮಾತು. ಸಣ್ಣ ಊರುಗಳಲ್ಲಿ ಈ ಆಟ ಬೇರೂರುವುದು ಹಾಗೆಯೇ. ಒಂದು ಪಿಸ್ತೂಲನ್ನು ಆರೇಳು ಹುಡುಗ ಹುಡುಗಿಯರು ಬಳಸುವಾಗ ಅದು ಯಾರದ್ದೂ ಅಲ್ಲದಂತಾಗಿ, ಎಲ್ಲರೂ ಹೊಡೆಯುತ್ತಾರೆ, ಯಾರೂ ಒರೆಸುವುದಿಲ್ಲ. ಒಬ್ಬರ ಕಣ್ಣಿಗೆ ತಕ್ಕಂತೆ ಸೈಟು ತಿರುಗಿಸಿದ್ದು ಇನ್ನೊಬ್ಬರ ಸೋಲಾಗುತ್ತದೆ. ಅಂಥಲ್ಲಿ ಪಿಸ್ತೂಲಿನ ಪೆಟ್ಟಿಗೆಯೊಳಗೇ ಒಂದು ನೋಟ್‌ಬುಕ್ಕು ಇಡುವುದು ಒಳ್ಳೆಯದು. ದಿನಾಂಕ, ಯಾರು ಹೊಡೆದರು, ಎಷ್ಟು ಪೆಲೆಟ್ಟು, ಯಾವ ಡಬ್ಬಿಯದು, ಗಾಳಿ ಎಷ್ಟು ಬಾರಿನಿಂದ ಎಷ್ಟಕ್ಕೆ ಇಳಿಯಿತು, ಸೈಟು ಎಷ್ಟು ಕ್ಲಿಕ್ಕು ಯಾವ ಕಡೆಗೆ ಸರಿಯಿತು, ಮರಳಿಸಿದರೇ, ಏನಾದರೂ ಬಿಗಿಸಿದರೇ, ಎಲ್ಲವನ್ನೂ ಕನ್ನಡದಲ್ಲೋ ತಮಿಳಿನಲ್ಲೋ ಕೈಗೆ ಬಂದ ಅಕ್ಷರದಲ್ಲಿ ಬರೆಯಲಿ. ಯಾರೋ ಒಬ್ಬ ಹುಡುಗಿಯ ಹೊಡೆತಗಳು ಮೂರು ವಾರ ಬಿಡದೆ ಕೆಳಕ್ಕೆ ಬೀಳುತ್ತಿದ್ದರೆ ಆ ಪುಟಗಳನ್ನು ತಿರುವಿ, ಅದೇ ದಿನಗಳಲ್ಲಿ ಉಳಿದವರದ್ದೂ ಬಿದ್ದಿವೆಯೇ ಎಂದು ನೋಡಬಹುದು. ಬಿದ್ದಿದ್ದರೆ ಪಿಸ್ತೂಲು ಮಿಸ್ತ್ರಿಯ ಬಳಿಗೆ ಹೋಗಲಿ. ಇಲ್ಲದಿದ್ದರೆ ಆ ಹುಡುಗಿ ಅಂದೇ ಬಿಳಿ ಗೋಡೆಯ ಮುಂದೆ ನಿಂತು ತನ್ನ ಬೆರಳನ್ನು ಗಮನಿಸತೊಡಗಬಹುದು.